ಉಪ್ಪು ನೋಡದ ಪಕೀರಮ್ಮ

ಮಸ್ಕಿಯ ಗುಡ್ಡದ ಮೇಲೆ ಬೆಳಕು ಇನ್ನೂ ಬೂದಿ ಬಣ್ಣದಲ್ಲಿದೆ. ಅಂಗಳದ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ಪಕೀರಮ್ಮ ಕೊತ್ತಂಬರಿ ಬೀಜ, ಒಣಕೊಬ್ಬರಿ, ಕಲ್ಲುಹೂ, ಎಳ್ಳು ಒಂದೊಂದನ್ನೇ ಹುರಿದು ತಟ್ಟೆಗೆ ಸುರಿಯುತ್ತಿದ್ದಾರೆ. ಕಣ್ಣು ಬೀದಿಯ ಕಡೆಗಿದೆ, ಕಿವಿ ಮಾತ್ರ ಬಾಣಲೆಯಲ್ಲಿದೆ. ಎಳ್ಳಿನ ಚಟಪಟ ತೆಳ್ಳಗಾಗುತ್ತಿದ್ದಂತೆ ಕೈ ತಾನಾಗಿಯೇ ಬಾಣಲೆಯನ್ನು ಕೆಳಗಿಳಿಸುತ್ತದೆ. ಎಲ್ಲವೂ ಆರಿ, ಮಿಕ್ಸಿಯಲ್ಲಿ ಪುಡಿಯಾಗಿ ಬಂದ ಮೇಲೆ ಒಂದು ಚಿಟಿಕೆ ಮಸಾಲೆ ಹೊರಬರುತ್ತದೆ. ಅದು ಅವರ ನಾಲಿಗೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಅಂಗೈ ಚಾಚಿಕೊಂಡು ಕಾಯುತ್ತಿರುವ ಗಂಡ ಅಂಬಪ್ಪನ ಕೈಗೆ ಬೀಳುತ್ತದೆ.

“ಹೆಂಗೈತಿ?”

“ಖಾರ ಐತಿ. ಉಪ್ಪಿಲ್ಲ.”

“ಉಪ್ಪು ಇನ್ನಾ ಹಾಕಿಲ್ಲ.”

“ಮತ್ತ ಬರೋಬ್ಬರಿ ಹೇಳಿದೆ ನೋಡು,” ಎಂದು ಅಂಬಪ್ಪ ಅಂಗೈಯನ್ನು ಇನ್ನೊಮ್ಮೆ ನೆಕ್ಕುತ್ತಾರೆ. ಹಾಸ್ಟೆಲ್ಲಿನ ಕಾವಲುಗಾರರಾಗಿದ್ದು ನಿವೃತ್ತರಾದವರು. “ಸರಕಾರದ ನೌಕರಿ ಮುಗೀತು. ಇಕಿ ಕೈಯಾಗಿನ ನೌಕರಿ ಮುಗಿಯಂಗಿಲ್ಲ,” ಎನ್ನುವುದು ಅವರ ದಿನನಿತ್ಯದ ಮಾತು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅನೇಕ ಮನೆಗಳಲ್ಲಿ ಅಳಿಯ ಬಂದರೆ, ಮಗುವಿಗೆ ಹೆಸರಿಟ್ಟರೆ, ಯಾರಿಗಾದರೂ ಬಡ್ತಿ ಸಿಕ್ಕರೆ ಮೊದಲು ಪಕೀರಮ್ಮನಿಗೆ ಫೋನ್ ಹೋಗುತ್ತದೆ. ಇವರು ಹೋಟೆಲಿನ ಅಡುಗೆಯವರಲ್ಲ, ದೊಡ್ಡ ಮದುವೆಗಳನ್ನು ಹಿಡಿಯುವವರೂ ಅಲ್ಲ. ಹದಿನೈದಿಪ್ಪತ್ತು ಮಂದಿ ಉಣ್ಣುವ ಮನೆ ಅಡುಗೆಯೇ ಇವರ ಕೆಲಸ. ಆ ಮನೆಯವರದೇ ಒಲೆ, ಆ ಮನೆಯವರದೇ ಪಾತ್ರೆ. ಪಕೀರಮ್ಮ ಒಯ್ಯುವುದು ಮಸಾಲೆಯ ಡಬ್ಬಿ, ಒಂದು ಈಳಿಗೆ, ತನ್ನ ಬುತ್ತಿ, ಇಷ್ಟನ್ನೇ. ಜವಾರಿ ಕೋಳಿಯನ್ನು ಬೆಂಕಿಗೆ ಹಿಡಿದು ಸುಟ್ಟು, ಅರಿಷಿಣ ತಿಕ್ಕಿ, ಈರುಳ್ಳಿ ಕಪ್ಪಗೆ ಬಾಡಿಸಿ ಅವರು ಮಾಡುವ ಸಾರಿನ ವಾಸನೆ ಓಣಿಯ ತುದಿಗೆ ಮುಟ್ಟುವಷ್ಟರಲ್ಲಿ ನೆಂಟರು ತಾವಾಗಿಯೇ ಒಳಗೆ ಬಂದಿರುತ್ತಾರೆ.

ಇಂಥ ಪಕೀರಮ್ಮ ತಮ್ಮ ಅಡುಗೆಯ ರುಚಿಯನ್ನು ಎಂದೂ ನೋಡುವುದಿಲ್ಲ. ಕೋಳಿ ಬೆಂದಿದೆ ಎಂಬುದು ಸಾರು ಕುದಿಯುವ ಸದ್ದಿನಿಂದ ಗೊತ್ತಾಗುತ್ತದೆ, ಮಸಾಲೆ ಹದಕ್ಕೆ ಬಂತು ಎಂಬುದು ಮೂಗಿನಿಂದ. ಕೊನೆಯಲ್ಲಿ ಸೌಟಿನ ತುದಿಯಲ್ಲಿ ಒಂದಿಷ್ಟು ಸಾರು ಎತ್ತಿ ಮನೆಯವರ ಕಡೆ ಚಾಚುತ್ತಾರೆ: “ಉಪ್ಪು ನೋಡ್ರಿ.” ಮನೆಯವರು ನೋಡಿ ಹೇಳಿದರೆ ಕೆಲಸ ಮುಗಿಯಿತು. ಅಲ್ಲಿ ಉಣ್ಣುವುದೂ ಇಲ್ಲ. ತಾವೇ ತಂದ ರೊಟ್ಟಿ, ಪುಂಡಿಪಲ್ಯದ ಬುತ್ತಿಯನ್ನು ಬಸ್ ನಿಲ್ದಾಣದ ಕಲ್ಲಿನ ಮೇಲೆ ಬಿಚ್ಚುತ್ತಾರೆ.

ಈ ರೂಢಿ ಹತ್ತಿದ್ದು ಅವರು ಹರೆಯದಲ್ಲಿದ್ದಾಗ. ಒಂದು ದೊಡ್ಡ ಮನೆಯಲ್ಲಿ ಗಂಡಸರಿಗಾಗಿ ಹಿತ್ತಲಲ್ಲಿ ಕೋಳಿ ಮಾಡಲು ಕರೆದಿದ್ದರು. ಉಪ್ಪು ನೋಡಲು ಸೌಟು ಎತ್ತಿದಾಗ ಬಾಗಿಲಲ್ಲಿ ನಿಂತಿದ್ದ ಸಾಹುಕಾರ್ತಿ, “ಏಯ್, ನೀ ಬಾಯಿಗಿಡಬ್ಯಾಡ,” ಎಂದರು. ಅಷ್ಟೇ ಮಾತು. ದನಿ ಕೂಡ ಏರಿರಲಿಲ್ಲ. ಪಕೀರಮ್ಮ ಸೌಟನ್ನು ಕೆಳಗಿಟ್ಟರು. “ಅವತ್ತು ಅವರು ಬ್ಯಾಡ ಅಂದ್ರು. ಮರುದಿನದಿಂದ ನಾನಾ ಬ್ಯಾಡ ಅಂದೆ,” ಎನ್ನುತ್ತಾರೆ. ಅಂದಿನಿಂದ ಯಾವ ಮನೆಯಲ್ಲೂ, ಕೊನೆಗೆ ಸ್ವಂತ ಮನೆಯಲ್ಲೂ, ಒಲೆಯ ಮುಂದೆ ನಿಂತು ಅವರು ಏನನ್ನೂ ನಾಲಿಗೆಗೆ ಹಚ್ಚಿಲ್ಲ. ಆ ಮಾತನ್ನು ಗೆದ್ದೆನೋ ಹೊತ್ತುಕೊಂಡು ತಿರುಗುತ್ತಿರುವೆನೋ ಎಂದು ಅವರು ಯಾರನ್ನೂ ಕೇಳಿಲ್ಲ.

ಮಗಳು ಭಾರತಿ ಲಿಂಗಸುಗೂರಿನಲ್ಲಿ ನರ್ಸ್. ದಿನವೂ ಮಸ್ಕಿಯಿಂದ ಓಡಾಡುತ್ತಾಳೆ. ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ ಕುಳಿತು ಎಷ್ಟೋ ಸಲ ತಾಯಿಯೊಂದಿಗೆ ವಾದ ಹೂಡಿದ್ದಾಳೆ. “ಯವ್ವಾ, ಈಗ ಯಾರು ನಿನಗ ಬ್ಯಾಡ ಅನ್ನಾಕತ್ಯಾರ? ಒಂದು ಹನಿ ನಾಲಿಗಿಗೆ ಹಚ್ಚಿದ್ರ ಏನ್ ಹೋಗ್ತೈತಿ?” ಪಕೀರಮ್ಮನ ಉತ್ತರ ಒಂದೇ: “ನಿಮ್ಮಪ್ಪ ಅದಾನಲ್ಲ ಅದಕ್ಕ.”

ಇವತ್ತು ಹೊರಟಿರುವುದು ಹಟ್ಟಿಗೆ. ಅಲ್ಲಿ ಚಿನ್ನದ ಗಣಿಯ ಕಂಪನಿ ಮನೆಯಲ್ಲಿರುವ ಚನ್ನು ನಿನ್ನೆ ಸಂಜೆ ಫೋನ್ ಮಾಡಿದಾಗ ಪಕೀರಮ್ಮನ ಕೈ ಜೋಳದ ಹಿಟ್ಟಿನಲ್ಲಿತ್ತು. ಫೋನ್ ಎತ್ತಿದವರು ಅಂಬಪ್ಪ.

“ಏನಂತ?”

“ಕೋಳಿ ಮಾಡ್ಬೇಕಂತ, ಲಾಪ್ಸಿ ಮಾಡ್ಬೇಕಂತ. ಲಾಪ್ಸಿ ಮೂರು ಬರ್ತಾವಂತ.”

“ಲಾಪ್ಸಿ ಮೂರು ಹೆಂಗಿರ್ತಾವ?”

ಅಂಬಪ್ಪ ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು. “ಮೂರು ಪಾವು ಇರಬೇಕು.”

ಗೋಧಿಯ ಕಡಿ, ಬೆಲ್ಲ, ತುಪ್ಪ ಹಾಕಿ ಮಾಡುವ ಲಾಪ್ಸಿಯನ್ನು ಪಕೀರಮ್ಮ ಲಂಬಾಣಿ ತಾಂಡಾದ ಗೆಳತಿಯರ ಮದುವೆಗಳಲ್ಲಿ ಕಲಿತಿದ್ದಾರೆ. ಹಟ್ಟಿಯ ಪೇಟೆಯಲ್ಲಿ ಒಳ್ಳೆಯ ಗೋಧಿ ಕಡಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗೆ ಮೂರು ಪಾವು ಅಳೆದು, ಬೆಲ್ಲದ ಅಚ್ಚಿನ ಜೊತೆ ಚೀಲಕ್ಕೆ ಇಳಿಸಿದ್ದಾರೆ. ಬಸ್ಸಿನಲ್ಲಿ ಆ ಚೀಲವನ್ನು ಮಡಿಲಿನಿಂದ ಕೆಳಗಿಡುವುದಿಲ್ಲ. ಯಾರದಾದರೂ ಕಾಲು ತಾಗೀತು.

ಹಟ್ಟಿಯ ಮನೆಯಲ್ಲಿ ಚನ್ನು ಇವರನ್ನು ನೇರವಾಗಿ ಅಡುಗೆಮನೆಗೇ ಕರೆದುಕೊಂಡು ಹೋಗುತ್ತಾರೆ. ವಾರದ ರಜೆ, ಉತ್ಸಾಹದಲ್ಲಿದ್ದಾರೆ. ಹೆಂಡತಿ ಶಿವಕುಮಾರಿ ಶಾಲೆಯ ಶಿಕ್ಷಕಿ, ಚಹಾ ಕೊಡುತ್ತಾರೆ. ಕುಡಿದ ಲೋಟವನ್ನು ಪಕೀರಮ್ಮ ರೂಢಿಯಂತೆ ತಾವೇ ತೊಳೆಯಲು ಹೋದರೆ ಶಿವಕುಮಾರಿ ಕೈಯಿಂದ ಕಿತ್ತುಕೊಳ್ಳುತ್ತಾರೆ. ಅಡುಗೆಮನೆಯ ಹೊಸ್ತಿಲಾಚೆ, ಪಡಸಾಲೆಯಲ್ಲಿ, ಚನ್ನು ಅವರ ತಾಯಿ ಶೇಖರಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದಾರೆ. ದೀಕ್ಷೆ ತೆಗೆದುಕೊಂಡ ಮೇಲೆ ಅವರು ಮಾಂಸ ಮುಟ್ಟುವುದಿಲ್ಲ. ಮನೆಯಲ್ಲಿ ಕೋಳಿ ಮಾಡುವ ದಿನ ಸೆರಗನ್ನು ಮೂಗಿಗೆ ಹಿಡಿಯುತ್ತಾರೆ, ಆದರೆ ಜಾಗ ಬಿಟ್ಟು ಏಳುವುದಿಲ್ಲ.

“ಮೊದಲ ಲಾಪ್ಸಿಗೆ ಇಡ್ಲೇನ್ರಿ?” ಎಂದು ಪಕೀರಮ್ಮ ಗೋಧಿ ಕಡಿಯ ಗಂಟು ಬಿಚ್ಚುತ್ತಾರೆ.

“ಲಾಪ್ಸಿ ಯಾಕ?” ಎನ್ನುತ್ತಾರೆ ಚನ್ನು.

“ನೀವಾ ಹೇಳೀರಂತಲ್ರಿ, ಮೂರು ಪಾವು.”

ಚನ್ನು ಮೂಲೆಯಲ್ಲಿದ್ದ ಬಿಳಿ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ. ಮಂಜುಗಡ್ಡೆಯ ಮೇಲೆ ಮೊಳದುದ್ದ ಮೀಸೆಯ ಮೂರು ಪ್ರಾಣಿಗಳು ಮಲಗಿವೆ. “ಲಾಬ್‌ಸ್ಟರ್ ಅಂದಿದ್ದೆ ನಾ. ಸಮುದ್ರದ್ದು.”

ಪಕೀರಮ್ಮ ಬಗ್ಗಿ ನೋಡುತ್ತಾರೆ. ಒಂದರ ಮೀಸೆ ಅಲುಗಿದಂತಾಗುತ್ತದೆ. ಶಿವಕುಮಾರಿ ಎರಡು ಹೆಜ್ಜೆ ಹಿಂದೆ ಹೋಗಿ ಫ್ರಿಜ್ಜಿಗೆ ಆತುಕೊಳ್ಳುತ್ತಾರೆ. ಪಡಸಾಲೆಯಿಂದ ಶೇಖರಮ್ಮ ಕೇಳುತ್ತಾರೆ, “ಏನೈತ್ಲೇ ಅದರಾಗ?”

“ಏಡಿ ಇದ್ದಂಗೈತ್ರಿ ಯವ್ವಾರ,” ಎನ್ನುತ್ತಾರೆ ಪಕೀರಮ್ಮ. ಆಮೇಲೆ ಅನುಮಾನದಿಂದ ಚನ್ನು ಕಡೆ ತಿರುಗುತ್ತಾರೆ. “ಇದರ ಕೊಂಡಿ ಎಲ್ರಿ? ಕೊಂಡಿ ಮುರಕೊಂಡು ಬರೇ ಮೈ ಕಳಿಸ್ಯಾರಲ್ರಿ ನಿಮಗ.”

“ಇದಕ್ಕ ಕೊಂಡಿ ಇರಂಗಿಲ್ಲಂತ.”

“ಹಂಗಂತ ಹೇಳ್ಯಾರ,” ಎನ್ನುತ್ತಾರೆ ಪಕೀರಮ್ಮ, ನಂಬದ ದನಿಯಲ್ಲಿ.

ಇವನ್ನು ತಂದವರು ಚನ್ನು ಅವರ ಜೊತೆ ಗಣಿಯಲ್ಲಿ ದುಡಿಯುವ ಕಾರವಾರದ ದಾಮೋದರ ತಾಂಡೇಲ. ರಜೆಗೆ ಊರಿಗೆ ಹೋದವರು ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಾಲ ನಡುವೆ ಹಿಡಿದು ತಂದು, ಬೆಳಗಿನ ಜಾವ ಇಲ್ಲಿ ಇಳಿಸಿ ಮೊದಲ ಪಾಳಿಗೆ ಹೋಗಿದ್ದಾರೆ. ಪಾಳಿ ಬಿಟ್ಟ ಮೇಲೆ ಹೆಂಡತಿಯೊಂದಿಗೆ ಊಟಕ್ಕೆ ಬರುತ್ತಾರೆ. ಹಿಂದೊಮ್ಮೆ ಇದೇ ಮನೆಯಲ್ಲಿ ಪಕೀರಮ್ಮ ಮಾಡಿದ ಕೋಳಿ ಉಂಡಿದ್ದರು. “ನಮ್ಮ ಕಡೆ ತೆಂಗಿನಕಾಯಿ ಹಾಕೇ ಮಾಡುವುದು. ಈ ಸಲ ಆ ಕೋಳಿ ಮಾಡಿದ ಅಕ್ಕನ ಕೈಯಲ್ಲೇ ಆಗಲಿ,” ಎಂದು ನಿನ್ನೆಯೇ ಫೋನಿನಲ್ಲಿ ಹೇಳಿದ್ದರು.

ಪಕೀರಮ್ಮ ಮೂರನ್ನೂ ಇನ್ನೊಮ್ಮೆ ಎಣಿಸುತ್ತಾರೆ. ಕೋಳಿ ಕೆಟ್ಟರೆ ಇನ್ನೊಂದು ಕೋಳಿ ಇದೆ. ಇವು ಮೂರೇ. ಕೆಟ್ಟರೆ ಸಮುದ್ರ ಇಲ್ಲಿಂದ ಬಹಳ ದೂರ. ಒಬ್ಬ ಮನುಷ್ಯ ತನ್ನ ಊರನ್ನೇ ಮಂಜುಗಡ್ಡೆಯಲ್ಲಿಟ್ಟು ತಂದು ಇವರ ಕೈಗೆ ಕೊಟ್ಟು ಹೋಗಿದ್ದಾನೆ, ರುಚಿ ಬಲ್ಲವನು ಅವನೊಬ್ಬನೇ, ಅವನು ಈಗ ಗಣಿಯೊಳಗೆ, ನೆಲದ ಕೆಳಗಿದ್ದಾನೆ.

“ಫೋನಿನಾಗ ನೋಡೋಣ ಬರ್ರಿ ಅಕ್ಕಾ,” ಎಂದು ಶಿವಕುಮಾರಿ ಒಂದು ವಿಡಿಯೊ ತೋರಿಸುತ್ತಾರೆ. ಉದ್ದ ಟೋಪಿಯ ಒಬ್ಬಾತ ಲಾಬ್‌ಸ್ಟರನ್ನು ಸೀಳಿ ಬೆಣ್ಣೆ ಸವರುತ್ತಿದ್ದಾನೆ.

“ಖಾರ ಎಲ್ಲಿ ಹಾಕಿದ?”

“ಹಾಕಲಿಲ್ಲ.”

“ಹಂಗಾರ ಆಫ್ ಮಾಡ್ರಿ.”

ಕೋಳಿ ಒಂದು ಒಲೆಯ ಮೇಲೆ ಎಂದಿನಂತೆ ಸಲೀಸಾಗಿ ಬೇಯುತ್ತಿದೆ. ಇನ್ನೊಂದರ ಮೇಲೆ ಮೊದಲ ಲಾಬ್‌ಸ್ಟರ್. ಈಳಿಗೆಯಿಂದ ಸೀಳಿ, ಚಿಪ್ಪಿನೊಂದಿಗೇ ತುಂಡು ಮಾಡಿ, ಕೋಳಿಗೆ ಹಾಕಿದ ಮಸಾಲೆಯನ್ನೇ ಹಾಕಿ, ಕೋಳಿಯಷ್ಟೇ ಹೊತ್ತು ಪಕೀರಮ್ಮ ಅದನ್ನು ಕುದಿಸುತ್ತಾರೆ. ಸಾರಿಗೆ ಬಿದ್ದ ಚಿಪ್ಪು ನೋಡನೋಡುತ್ತಿದ್ದಂತೆ ಕೆಂಡದ ಹಾಗೆ ಕೆಂಪಾಗುತ್ತದೆ. “ನಾ ಇಷ್ಟು ಖಾರ ಹಾಕಿಲ್ರಿ,” ಎಂದು ಗಾಬರಿಯಾಗಿ ಉರಿ ಸಣ್ಣದು ಮಾಡುತ್ತಾರೆ. ಕಿವಿಗೊಟ್ಟರೆ ಸದ್ದು ಏನನ್ನೂ ಹೇಳುವುದಿಲ್ಲ. ಮೂಗಿಗೆ ಬರುವ ವಾಸನೆ ಪರಿಚಯದ್ದಲ್ಲ. ಇಷ್ಟು ವರ್ಷ ಜೊತೆಗಿದ್ದ ಕಿವಿ, ಮೂಗು ಎರಡೂ ಇವತ್ತು ಬಾಗಿಲಾಚೆ ನಿಂತುಬಿಟ್ಟಿವೆ. ಕೊನೆಗೆ ಒಂದು ತುಂಡನ್ನು ಸೌಟಿನಲ್ಲಿ ಎತ್ತಿ ಚನ್ನು ಕಡೆ ಚಾಚುತ್ತಾರೆ.

“ಉಪ್ಪು ನೋಡ್ರಿ.”

ಚನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ. ಅಗಿಯುತ್ತಲೇ ಇರುತ್ತಾರೆ.

“ಹೆಂಗೈತ್ರಿ?”

“ಐತಿ.”

“ಐತಿ ಅಂದ್ರ?”

“ಬಾಯಾಗ ಐತಿ ಇನ್ನಾ. ಹೋಗವಲ್ದು.” ಕೊನೆಗೆ ಹೇಗೋ ನುಂಗುತ್ತಾರೆ. “ಉಪ್ಪು ಬರೋಬ್ಬರಿ ಐತಿ. ಆದ್ರ ಇದು ಹಿಂಗಾ ಇರ್ತೈತೋ ಏನೋ, ನನಗೇನ್ ಗೊತ್ತು?”

ಸೌಟು ಶಿವಕುಮಾರಿ ಕಡೆ ತಿರುಗುತ್ತದೆ. “ನನಗ ಬ್ಯಾಡ್ರಿ ಅಕ್ಕಾ. ಅದರ ಮೀಸಿ ನೋಡೇ ನನ್ನ ಹೊಟ್ಟಿ ತುಂಬೈತಿ.”

ಪಡಸಾಲೆಯಿಂದ ಶೇಖರಮ್ಮನ ದನಿ ಬರುತ್ತದೆ. “ಏ ಪಕೀರಮ್ಮ, ಅವರಿಬ್ಬರನ್ನ ಏನ್ ಕೇಳ್ತಿ? ಮಾಡಿದಾಕಿ ನೀ. ನೀ ನೋಡು.”

“ಉಪ್ಪು ನೋಡೋ ರೂಢಿ ನನಗಿಲ್ರಿ ಯವ್ವಾರ.”

“ಇಷ್ಟು ಮನಿ ಅಡಗಿ ಮಾಡ್ತಿ, ರೂಢಿ ಇಲ್ಲಂದ್ರ ಹೆಂಗ ಬೇ?”

ಪಕೀರಮ್ಮ ಉರಿಯ ಕಡೆ ನೋಡಿಕೊಂಡೇ ಹೇಳುತ್ತಾರೆ. “ಹಿಂದಕ ಒಬ್ಬ ಸಾಹುಕಾರ್ತಿ ಬಾಯಿಗಿಡಬ್ಯಾಡ ಅಂದಿದ್ಲರಿ. ಅವತ್ತಿನಿಂದ ಇಟ್ಟಿಲ್ಲ.”

ಶಿವಕುಮಾರಿ ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಮಡಚುತ್ತಾರೆ. ಶೇಖರಮ್ಮ ಮೂಗಿನ ಮೇಲಿನ ಸೆರಗು ತೆಗೆಯುತ್ತಾರೆ.

“ಆಕಿ ಇದಾಳೇನು ಈಗ?”

“ಇಲ್ರಿ. ತೀರಿಕೊಂಡು ಸುಮಾರು ವರ್ಷ ಆತು.”

“ಮತ್ತ ಯಾರಿಗೆ ಅಂಜತಿ?”

“ಅಂಜಿಕಿ ಅಲ್ರಿ. ಸಿಟ್ಟು.”

“ಸಿಟ್ಟು ಆಕಿ ಮ್ಯಾಲ,” ಎನ್ನುತ್ತಾರೆ ಶೇಖರಮ್ಮ, “ಉಪವಾಸ ನೀ ಮಾಡ್ತಿ.”

ಚನ್ನು ನಗಲು ಹೋಗಿ ತಡೆದುಕೊಳ್ಳುತ್ತಾರೆ. ಪಕೀರಮ್ಮನಿಗೇ ಮೊದಲು ನಗು ಬರುತ್ತದೆ. ಮಗಳು ವಾದ ಮಾಡಿ ಮಾಡಿ ಸೋತ ಜಾಗಕ್ಕೆ ಈ ಮುದುಕಿ ಕುಳಿತಲ್ಲಿಂದಲೇ ಬಂದು ತಲುಪಿದ್ದಾರೆ. ಸೌಟಿನಿಂದ ಒಂದು ತುಂಡನ್ನು ಎಡಗೈಯ ಅಂಗೈಗೆ ಬೀಳಿಸಿಕೊಳ್ಳುತ್ತಾರೆ. ಅಂಗೈಯಲ್ಲಿ ಅದು ತೀರ ಸಣ್ಣದಾಗಿ ಕಾಣುತ್ತದೆ. ಆರಲೆಂದು ಊದುತ್ತಾರೆ. ಇನ್ನೊಮ್ಮೆ ಊದುತ್ತಾರೆ. ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಾರೆ.

ಮೊದಲು ಖಾರ, ಅದರ ಹಿಂದೆ ಕೊಬ್ಬರಿ. ಮಾಂಸ ರಬ್ಬರಿನ ಹಾಗೆ. ಆದರೆ ಅಗಿಯುತ್ತಾ ಹೋದಂತೆ, ಎಲ್ಲದರ ತಳದಲ್ಲಿ, ಒಂದು ಸಣ್ಣ ಸಿಹಿ. ಆ ಸಿಹಿ ಅವರಿಗೆ ಗೊತ್ತು. ಅವರ ತವರು ದಢೇಸುಗೂರು. ನೀರು ಬಿಟ್ಟ ದಿನಗಳಲ್ಲಿ ಕಾಲುವೆಯ ದಂಡೆಯ ಬಿಲಗಳಲ್ಲಿ ಕೈ ಹಾಕಿ ಏಡಿ ಹಿಡಿಯುತ್ತಿದ್ದರು. ಅವ್ವ ಅವನ್ನು ಭತ್ತದ ಹುಲ್ಲಿನ ಉರಿಯಲ್ಲಿ ಹಾಗೆ ಇಟ್ಟು ಹೀಗೆ ತೆಗೆದು, ಉಪ್ಪು-ಮೆಣಸಿನಕಾಯಿ ಜಜ್ಜಿ ಹಚ್ಚಿ ಕೊಡುತ್ತಿದ್ದಳು. “ಜಾಸ್ತಿ ಸುಟ್ರ ಚಪ್ಪಲಿ ಆಗ್ತೈತಿ,” ಎನ್ನುತ್ತಿದ್ದಳು.

“ಕೆಡಿಸೀನ್ರಿ,” ಎನ್ನುತ್ತಾರೆ ಪಕೀರಮ್ಮ. ದನಿಯಲ್ಲಿ ಅಳುಕಿಲ್ಲ, ಬದಲಿಗೆ ಅವಸರವಿದೆ. “ಇದನ್ನ ಕೋಳಿ ಅಂತ ತಿಳಕೊಂಡಿದ್ದೆ. ಇದು ಏಡಿನಾ. ಉಳಿದ ಎರಡೂ ಹಿಂಗ ತರ್ರಿ.”

ಈ ಸಲ ಮಸಾಲೆಯ ಡಬ್ಬಿ ಮುಚ್ಚಿಯೇ ಇರುತ್ತದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಕಲ್ಲಿನಲ್ಲಿ ಜಜ್ಜಿ, ಎಣ್ಣೆಯಲ್ಲಿ ಘಮ್ಮೆನ್ನುವಷ್ಟು ಹುರಿದು, ಚಿಪ್ಪಿನ ತುಂಡುಗಳನ್ನು ಹಾಕಿ, ಒಂದಿಷ್ಟು ಹುಣಸೆಯ ರಸ ಚಿಮುಕಿಸಿ ಮುಚ್ಚುತ್ತಾರೆ. ಚಿಪ್ಪು ಕೆಂಪೇರಿದ ಕೂಡಲೇ ಮುಚ್ಚಳ ತೆಗೆದು ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಯಾರೂ ಹೇಳದೆಯೇ. ಆಮೇಲೆ ಇನ್ನೊಂದು ಹರಳು ಉಪ್ಪು ಹಾಕಿ, ಒಲೆ ಆರಿಸುತ್ತಾರೆ.

“ಮೊದಲಿನದು ಏನ್ ಮಾಡೋದು?” ಎಂದು ಶಿವಕುಮಾರಿ ಕೇಳಿದರೆ, “ನಿಮ್ಮನಿಯವರು ಅಗೀತಿದ್ರಲ್ರಿ, ಚಂದ ಅಗೀತಾರ,” ಎಂದು ಪಕೀರಮ್ಮ ಆ ಪಾತ್ರೆಯನ್ನು ಚನ್ನು ಪಾಲಿಗೆ ಸರಿಸುತ್ತಾರೆ.

ಒಲೆ ಖಾಲಿಯಿದೆ, ಗೋಧಿ ಕಡಿಯ ಬಿಚ್ಚಿದ ಗಂಟು ಹಾಗೆಯೇ ಇದೆ. ಪಕೀರಮ್ಮ ಅಡುಗೆಕಟ್ಟೆಯನ್ನು ಸ್ವಚ್ಛ ತೊಳೆದು, ಬೇರೆ ಪಾತ್ರೆ ಕೇಳಿ ಪಡೆದು, ಮೂರು ಪಾವು ಗೋಧಿ ಕಡಿಯನ್ನೂ ತುಪ್ಪದಲ್ಲಿ ಹುರಿದು ಲಾಪ್ಸಿ ಮಾಡಿಬಿಡುತ್ತಾರೆ. ಕೋಳಿ ಮಾಡುವ ದಿನ ಯಾವಾಗಲೂ ಮೊಸರನ್ನ ಕಲಸಿಕೊಂಡು ಮೂಲೆ ಹಿಡಿಯುವ ಶೇಖರಮ್ಮ ಇವತ್ತು ಬಟ್ಟಲು ತುಂಬ ಬೆಲ್ಲದ ಬಿಸಿ ಲಾಪ್ಸಿ ಹಿಡಿದಿದ್ದಾರೆ. ಎರಡನೇ ಸಲ ಹಾಕಿಸಿಕೊಂಡು, “ಫೋನ್ ತಪ್ಪಿ ಕೇಳಿಸಿಕೊಂಡಾಂವ ಯಾರು?” ಎಂದು ವಿಚಾರಿಸುತ್ತಾರೆ.

“ನಮ್ಮನಿಯವರ್ರಿ.”

“ಇನ್ನ ಮುಂದ ಫೋನ್ ಅವನ ಕೈಯಾಗ ಇರಲಿ.”

ತಾಂಡೇಲ ದಂಪತಿ ಬರುವಾಗ ಪಕೀರಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಾರೆ. ತಾಂಡೇಲ ಮೊದಲ ತುತ್ತು ಬಾಯಿಗಿಟ್ಟು ಹೆಂಡತಿಯ ಕಡೆ ನೋಡುತ್ತಾರೆ. ಚೌಕಟ್ಟಿನ ಮೇಲಿನ ಬೆರಳು ಬಿಗಿಯಾಗುತ್ತದೆ.

“ಅಕ್ಕಾ, ಇದಕ್ಕೆ ತೆಂಗಿನಕಾಯಿ ಹಾಕಿಲ್ಲ ಅಲ್ಲ?”

“ಇಲ್ರಿ.”

“ಗೊತ್ತೇ ಆಗಲಿಲ್ಲ ನೋಡಿ,” ಎಂದು ತಟ್ಟೆಯನ್ನು ಮುಂದೆ ಚಾಚುತ್ತಾರೆ. “ಇನ್ನೊಂದು ಸ್ವಲ್ಪ ಹಾಕಿ.”

ಪಕೀರಮ್ಮ ಬುತ್ತಿಯ ಚೀಲಕ್ಕೆ ಕೈ ಹಾಕಿದ್ದನ್ನು ಶಿವಕುಮಾರಿ ನೋಡಿಬಿಡುತ್ತಾರೆ. “ಅದನ್ನೂ ಇಲ್ಲೇ ಬಿಚ್ರಿ,” ಎಂದು ಸಾಲಿನಲ್ಲಿ ತಮ್ಮ ಪಕ್ಕಕ್ಕೆ ಜಾಗ ಮಾಡುತ್ತಾರೆ. ಬುತ್ತಿ ಬಿಚ್ಚಿಕೊಳ್ಳುತ್ತದೆ. ಪುಂಡಿಪಲ್ಯದ ಮುಕ್ಕಾಲು ಪಾಲು ತಾಂಡೇಲರ ಹೆಂಡತಿಯ ತಟ್ಟೆಗೆ ಹೋಗುತ್ತದೆ, ಅವರ ತಟ್ಟೆಯ ಲಾಬ್‌ಸ್ಟರ್ ಒಂದು ತುಂಡು ಈ ಕಡೆ ಬರುತ್ತದೆ.

ಮರಳುವಾಗ ಲಿಂಗಸುಗೂರಿನಲ್ಲಿ ಅದೇ ಬಸ್ಸಿಗೆ ಭಾರತಿ ಹತ್ತುತ್ತಾಳೆ. ತಾಯಿಯ ಪಕ್ಕ ಕುಳಿತು, ಎರಡು ಮಾತಾಡಿ, ಮೂಗು ಅರಳಿಸುತ್ತಾಳೆ.

“ಯವ್ವಾ, ನಿನ್ನ ಬಾಯಾಗ ಬೆಳ್ಳುಳ್ಳಿ ವಾಸನಿ ಬರಾಕತ್ತೈತಿ.”

“ಉಪ್ಪು ನೋಡಿದೆ.”

ಭಾರತಿ ತಾಯಿಯ ಮಡಿಲಿನ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಾಳೆ.

ಮನೆಯಲ್ಲಿ ಈಗ ಲಾಬ್‌ಸ್ಟರಿಗೆ ‘ಮೀಸಿ ಲಾಪ್ಸಿ’ ಎಂದು ಹೆಸರು ಬಿದ್ದಿದೆ. ಮುಂದಿನ ಆಸೆ ಏನು ಎಂದು ಯಾರಾದರೂ ಕೇಳಿದರೆ ಪಕೀರಮ್ಮ ದೊಡ್ಡದೇನನ್ನೂ ಹೇಳುವುದಿಲ್ಲ. “ತಾಂಡೇಲರು ಮತ್ತ ಊರಿಗೆ ಹೋದ್ರ ಒಂದು ಮೀಸಿ ಲಾಪ್ಸಿ ತರಸ್ಬೇಕು. ಒಂದಾ ಸಾಕು. ನಮ್ಮ ಮನ್ಯಾಗ ಮಾಡಿ, ಭಾರತಿಗೆ ಉಣಸ್ಬೇಕು. ಇಷ್ಟು ದಿನ ಬ್ಯಾರೇದವರ ಮನ್ಯಾಗ ಬಿಸೀದು ಬಡಿಸೀನಿ, ಇನ್ನ ಆಕಿಗೆ.”

ಅದು ಬರುವತನಕ ಭಾನುವಾರದ ಕೋಳಿಯಿದೆ. ಗುಡ್ಡದ ಮೇಲೆ ಮತ್ತೆ ಬೂದಿ ಬಣ್ಣದ ಬೆಳಕು. ಅಂಗಳದ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಅಂಬಪ್ಪ ರೂಢಿಯಂತೆ ಪಕ್ಕದಲ್ಲಿ ಕುಳಿತು ಅಂಗೈ ಚಾಚಿದ್ದಾರೆ. ಸೌಟು ಆ ಅಂಗೈಯನ್ನು ದಾಟಿ ಹೋಗುತ್ತದೆ. ಪಕೀರಮ್ಮ ತಮ್ಮ ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಸಣ್ಣದು ಮಾಡಿ ಯೋಚಿಸುತ್ತಾರೆ.

ಖಾಲಿ ಅಂಗೈಯನ್ನು ನೋಡಿಕೊಂಡು ಅಂಬಪ್ಪ ಕೇಳುತ್ತಾರೆ, “ಈ ನೌಕರಿನೂ ಹೋತೇನು? ಇದಕ್ಕ ಪಿಂಚಣಿ ಐತೋ ಇಲ್ಲೋ?”

“ಒಂದು ತುಂಡು ಹೆಚ್ಚಿಗಿ ಹಾಕ್ತೀನಿ, ಸುಮ್ನ ಕುಂದ್ರು,” ಎನ್ನುತ್ತಾರೆ ಪಕೀರಮ್ಮ. ಆಮೇಲೆ ಒಳಗಿರುವ ಮಗಳಿಗೂ ಕೇಳಿಸುವಷ್ಟು ದನಿಯಲ್ಲಿ, “ಬರ್ರಿ ಉಣ್ಣಾಕ. ಉಪ್ಪು ನಾ ನೋಡೀನಿ.”